‘ರೋಜರ್’ ಎಂಬ ಓಗೊಡುವಿಕೆ

ಬಾನುಲಿಯಲ್ಲಿ ಮಾತನಾಡುವವನಿಗೆ ಒಂದು ದೊಡ್ಡ ಕೊರತೆ ಉಂಟು. ತನ್ನ ಮಾತು ಎಷ್ಟು ಮನೆಗಳನ್ನು ಮುಟ್ಟಿತು, ಮುಟ್ಟಿದಲ್ಲಿ ಯಾರಾದರೂ ಕಿವಿಗೊಟ್ಟರೇ, ಕಿವಿಗೊಟ್ಟವರು ನಡುವೆ ಎದ್ದು ಹೋದರೇ ಎಂಬುದು ಅವನಿಗೆ ತಿಳಿಯುವಂತಿಲ್ಲ. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ತರಗತಿಯಲ್ಲಿ ಪಾಠ ಹೇಳಿದ ನನ್ನಂಥವನಿಗೆ ಇದು ಕಸಿವಿಸಿಯ ಸಂಗತಿಯೇ ಸರಿ. ಅಲ್ಲಿ ಹಿಂದಿನ ಬೆಂಚಿನವನ ಆಕಳಿಕೆಯಾದರೂ ಒಂದು ಬಗೆಯ ಉತ್ತರವಾಗಿತ್ತು. ಇಲ್ಲಿಯಾದರೋ ಎದುರಿಗೆ ಒಂದು ಮೈಕು, ಗಾಜಿನ ಆಚೆ ಕೈಸನ್ನೆ ಮಾಡುವ ಒಬ್ಬ ಮಿತ್ರರು, ಗೋಡೆಯ ಮೇಲೊಂದು ಕೆಂಪು ದೀಪ, ಇಷ್ಟೆ. ನಮ್ಮ ಅಜ್ಜಿಯರು ಕತೆ ಹೇಳುವುದಕ್ಕೆ ಮೊದಲು ಒಂದು ಕರಾರು ಹಾಕುತ್ತಿದ್ದರು, ಕೇಳುವ ಮಗು ‘ಹೂಂ’ಗುಟ್ಟುತ್ತಿರಬೇಕು ಎಂದು. ಹೂಂ ನಿಂತಿತೋ, ಕತೆಯೂ ನಿಂತಿತು, ಮಗು ನಿದ್ದೆ ಹೋಗಿದೆ ಎಂದು ಅರ್ಥ. ಆ ಹೂಂಕಾರಕ್ಕೆ ಒಪ್ಪಿಗೆಯ ಅರ್ಥವಿಲ್ಲ. ರಾಕ್ಷಸನು ರಾಜಕುಮಾರಿಯನ್ನು ಹೊತ್ತುಕೊಂಡು ಹೋದದ್ದು ಸರಿ ಎಂದು ಯಾವ ಮಗುವೂ ಹೇಳುತ್ತಿರಲಿಲ್ಲ. ‘ಕೇಳುತ್ತಿದ್ದೇನೆ, ಮುಂದೆ ಹೇಳು’ ಎಂದಷ್ಟೇ ಅದರ ತಾತ್ಪರ್ಯ.

ಈ ಹೂಂಕಾರದ ಇಂಗ್ಲಿಷ್ ಸೋದರನೊಬ್ಬನ ಚರಿತ್ರೆಯನ್ನು ಇಂದು ಹೇಳಬೇಕೆಂದಿದ್ದೇನೆ. ಅವನ ಹೆಸರು ರೋಜರ್. ವಿಮಾನದ ಚಾಲಕರು, ಹಡಗಿನವರು, ಸೈನಿಕರು, ಪೊಲೀಸರು ನಿಸ್ತಂತು ಯಂತ್ರದಲ್ಲಿ ಮಾತನಾಡುವಾಗ ಈ ಹೆಸರನ್ನು ಉಚ್ಚರಿಸುವುದನ್ನು ತಾವೆಲ್ಲ ಚಲನಚಿತ್ರಗಳಲ್ಲಾದರೂ ಕೇಳಿರುತ್ತೀರಿ. ನಾನು ಮೊದಲು ಕೇಳಿದ್ದು ನನ್ನ ಅಣ್ಣನ ಬಾಯಿಂದ. ಆತ ಜಾಲಹಳ್ಳಿಯಲ್ಲಿ ವಾಯುಸೇನೆಯ ತರಬೇತಿ ಪಡೆದು ವೈರ್‌ಲೆಸ್ ಆಪರೇಟರ್ ಆದವನು. ಮೊದಲ ರಜೆಯಲ್ಲಿ ಊರಿಗೆ ಬಂದಾಗ ನಮ್ಮ ತಂದೆಯವರು ಜಗಲಿಯಿಂದಲೇ ಕೂಗಿ ಹೇಳಿದರು, ‘ಗಿರಣಿಯಲ್ಲಿ ರಾಗಿ ಹಿಟ್ಟು ಆಗಿದೆಯಂತೆ, ಹೋಗಿ ತಾ’ ಎಂದು. ಅಣ್ಣ ಒಳಗಿನಿಂದ ‘ರೋಜರ್’ ಎಂದ. ಸಂಜೆಯಾದರೂ ಹಿಟ್ಟು ಬರಲಿಲ್ಲ. ತಂದೆಯವರು ರೇಗಿದರು. ‘ಕೇಳಿಸಿತು ಅಂತ ಹೇಳಿದೆ ಅಪ್ಪಾ, ತರುತ್ತೇನೆ ಅಂತ ಎಲ್ಲಿ ಹೇಳಿದೆ?’ ಎಂದು ಆತ ನಕ್ಕ. ಹಿಟ್ಟನ್ನು ಹೊತ್ತು ತಂದವನು ನಾನು ಎಂಬುದು ಚರಿತ್ರೆಗೆ ಸೇರಿದ ಮಾತಲ್ಲ. ಆದರೆ ಆ ತಮಾಷೆಯೊಳಗೆ ಒಂದು ಕಟ್ಟುನಿಟ್ಟಾದ ಶಾಸ್ತ್ರವಿತ್ತೆಂಬುದು ನನಗೆ ಬಹುಕಾಲದ ಮೇಲೆ ತಿಳಿಯಿತು.

ಮಾತು ನಿಸ್ತಂತುವಿನಲ್ಲಿ ಹೋಗುವುದಕ್ಕೆ ಎಷ್ಟೋ ಮೊದಲು ತಂತಿಯಲ್ಲಿ ಹೋಗುತ್ತಿತ್ತಷ್ಟೆ. 1844ರ ಮೇ 24ರಂದು ಸ್ಯಾಮ್ಯುಯಲ್ ಮೋರ್ಸ್ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಪ್ರಸಿದ್ಧವಾದ ತನ್ನ ತಂತಿಸಂದೇಶವನ್ನು ಕಳಿಸಿದಾಗ, ಆ ತುದಿಯಲ್ಲಿದ್ದ ಆಲ್‌ಫ್ರೆಡ್ ವೇಲ್ ಮಾಡಿದ ಕೆಲಸವನ್ನು ಗಮನಿಸಬೇಕು. ಬಂದ ಸಂದೇಶವನ್ನು ಅಕ್ಷರಶಃ ಹಿಂದಕ್ಕೆ ಕಳಿಸಿದ. ಯಂತ್ರ ನಡೆಯಿತೆಂಬುದಕ್ಕೆ ಅದೇ ಸಾಕ್ಷಿ. ಕೇಳಿದ್ದನ್ನು ಕೇಳಿದಂತೆಯೇ ತಿರುಗಿ ಒಪ್ಪಿಸುವ ಈ ಪದ್ಧತಿ ನಮ್ಮ ವೇದಪಾಠಶಾಲೆಗಳಿಗೆ ಹೊಸದಲ್ಲ. ಆದರೆ ದಿನಕ್ಕೆ ನೂರಾರು ತಂತಿಗಳನ್ನು ಕಳಿಸುವ ನೌಕರನಿಗೆ ಅಷ್ಟು ವ್ಯವಧಾನವೆಲ್ಲಿ? ಸಂದೇಶ ಮುಟ್ಟಿತೆಂಬುದಕ್ಕೆ ಒಂದೇ ಅಕ್ಷರವನ್ನು ತಟ್ಟುವ ರೂಢಿ ಬೆಳೆಯಿತು. ‘ರಿಸೀವ್ಡ್’ ಎಂಬ ಪದದ ಮೊದಲ ಅಕ್ಷರ ‘ಆರ್’. ಮೋರ್ಸನ ಸಂಕೇತದಲ್ಲಿ ಒಂದು ಚುಕ್ಕೆ, ಒಂದು ಗೆರೆ, ಮತ್ತೆ ಒಂದು ಚುಕ್ಕೆ. ನಿಸ್ತಂತು ತಂತಿಯ ಕಾಲಕ್ಕೂ ಅದೇ ಮುಂದುವರಿಯಿತು.

ಓಗೊಡುವವರಿಲ್ಲದ ಸಂದೇಶದ ಗತಿ ಏನೆಂಬುದಕ್ಕೆ ಮಾರ್ಕೋನಿಯ ಪ್ರಸಂಗವೇ ಸಾಕು. 1901ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ‘ಎಸ್’ ಅಕ್ಷರದ ಮೂರು ಚುಕ್ಕೆಗಳನ್ನು ತಾನು ಅಟ್ಲಾಂಟಿಕ್‌ನ ಆಚೆ, ನ್ಯೂಫೌಂಡ್‌ಲೆಂಡಿನ ಗುಡ್ಡದ ಮೇಲೆ ಕೇಳಿದೆನೆಂದು ಆತ ಹೇಳಿದ. ಅಲ್ಲಿಂದ ತಿರುಗಿ ನಿಸ್ತಂತುವಿನಲ್ಲೇ ಉತ್ತರ ಕಳಿಸುವ ಸಾಧನ ಅವನಲ್ಲಿರಲಿಲ್ಲ. ಕೇಳಿದವರು ಆತನೂ ಆತನ ಸಹಾಯಕನೂ ಇಬ್ಬರೇ. ‘ನೀನು ಕೇಳಿದ್ದು ಮಿಂಚಿನ ಸದ್ದಿರಬೇಕು’ ಎಂದು ಸಂಶಯಪಟ್ಟವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಓಗೊಟ್ಟರೂ ಸಾಲದು ಎಂಬುದು ಹನ್ನೊಂದು ವರ್ಷಗಳೊಳಗೇ ತಿಳಿಯಿತು. 1912ರ ಏಪ್ರಿಲ್ 14ರ ರಾತ್ರಿ ‘ಮೆಸಾಬಾ’ ಎಂಬ ಹಡಗು ಟೈಟಾನಿಕ್ ಹಡಗಿಗೆ ಒಂದು ಎಚ್ಚರಿಕೆಯನ್ನು ಕಳಿಸಿತು. ಇಂತಿಂಥ ಅಕ್ಷಾಂಶ ರೇಖಾಂಶಗಳ ನಡುವೆ ಹಿಮದ ಗಡ್ಡೆಗಳು ದಟ್ಟವಾಗಿವೆ ಎಂದು. ಟೈಟಾನಿಕ್‌ನ ನಿಸ್ತಂತು ಕೋಣೆ ಅದನ್ನು ಸ್ವೀಕರಿಸಿತು, ಸ್ವೀಕರಿಸಿದೆನೆಂದು ಉತ್ತರವನ್ನೂ ಕೊಟ್ಟಿತು. ಪ್ರಯಾಣಿಕರ ಖಾಸಗಿ ಸಂದೇಶಗಳ ರಾಶಿ ಆ ಕೋಣೆಯಲ್ಲಿ ಬಿದ್ದಿತ್ತು. ಎಚ್ಚರಿಕೆಯ ಚೀಟಿ ಹಡಗನ್ನು ನಡೆಸುತ್ತಿದ್ದ ಅಧಿಕಾರಿಗಳ ಕೈ ಸೇರಿದಂತೆ ಕಾಣುವುದಿಲ್ಲವೆಂದು ಬ್ರಿಟಿಷ್ ವಿಚಾರಣಾ ವರದಿ ಬರೆಯಿತು. ಎರಡು ಗಂಟೆಗಳ ಅನಂತರ, 11 ಗಂಟೆ 40 ನಿಮಿಷಕ್ಕೆ, ಹಡಗು ಹಿಮದ ಗಡ್ಡೆಗೆ ಬಡಿಯಿತು. ಸಾವಿರದ ಐನೂರಕ್ಕೂ ಹೆಚ್ಚು ಜನ ಸತ್ತರು. ‘ಮುಟ್ಟಿತು’ ಎಂಬ ಮಾತು ಸುಳ್ಳಾಗಿರಲಿಲ್ಲ. ಎಲ್ಲಿಗೆ ಮುಟ್ಟಿತು ಎಂಬುದು ಮಾತ್ರ ಅದರಲ್ಲಿರಲಿಲ್ಲ.

ಇನ್ನು ರೋಜರನ ಜನ್ಮಕ್ಕೆ ಬರೋಣ. ಮೋರ್ಸನ ಚುಕ್ಕೆ ಗೆರೆಗಳ ಬದಲು ಮನುಷ್ಯನ ದನಿಯೇ ಗಾಳಿಯಲ್ಲಿ ಹೋಗತೊಡಗಿದಾಗ ಒಂದು ಪೇಚು ಎದುರಾಯಿತು. ಇಂಗ್ಲಿಷಿನ ಅಕ್ಷರಗಳ ಹೆಸರುಗಳು ಒಂದಕ್ಕೊಂದು ತೀರ ಹತ್ತಿರ. ಬಿ, ಸಿ, ಡಿ, ಇ, ಜಿ, ಪಿ, ಟಿ, ಎಲ್ಲವೂ ಒಂದೇ ಪ್ರಾಸದವು. ನಮ್ಮ ಆದಿಪ್ರಾಸದ ಕವಿಗಳು ಕೂಡ ಅಷ್ಟು ಪ್ರಾಸವನ್ನು ಬಯಸುತ್ತಿರಲಿಲ್ಲ. ಗರಗರ ಸದ್ದಿನ ನಡುವೆ ‘ಬಿ’ ಯಾವುದು ‘ಡಿ’ ಯಾವುದು? ಆದ್ದರಿಂದ ಒಂದೊಂದು ಅಕ್ಷರಕ್ಕೂ ಒಂದೊಂದು ಪದವನ್ನು ಗೊತ್ತುಮಾಡಿದರು. ಅಮೆರಿಕದ ಸೇನೆ ಮತ್ತು ನೌಕಾದಳಗಳು 1941ರಲ್ಲಿ ಒಟ್ಟಾಗಿ ಒಪ್ಪಿದ ಪಟ್ಟಿಯಲ್ಲಿ ‘ಎ’ಗೆ ಏಬಲ್, ‘ಬಿ’ಗೆ ಬೇಕರ್, ‘ಆರ್’ಗೆ ರೋಜರ್. ಬ್ರಿಟಿಷ್ ವಾಯುಸೇನೆಯ ಹಳೆಯ ಪಟ್ಟಿಯಲ್ಲಿ ಅದೇ ಅಕ್ಷರಕ್ಕೆ ರಾಬರ್ಟ್ ಎಂದಿತ್ತು. ಯುದ್ಧದಲ್ಲಿ ಇಬ್ಬರೂ ಒಂದೇ ಪಕ್ಷದವರು, ಒಂದೇ ಪಟ್ಟಿ ಇರಲೆಂದು 1943ರಲ್ಲಿ ಬ್ರಿಟಿಷರೂ ಅಮೆರಿಕದವರದನ್ನೇ ಹಿಡಿದರು. ಹೀಗೆ ರಾಬರ್ಟ್ ಸೋತ, ರೋಜರ್ ಗೆದ್ದ. ‘ಆರ್’ ಎಂದರೆ ‘ಮುಟ್ಟಿತು’, ‘ಆರ್’ನ ಹೆಸರು ರೋಜರ್, ಆದ್ದರಿಂದ ರೋಜರ್ ಎಂದರೆ ‘ಮುಟ್ಟಿತು’. ಹಳೆಯ ಜರ್ಮಾನಿಕ್ ಭಾಷೆಯಲ್ಲಿ ಕೀರ್ತಿ ಮತ್ತು ಭರ್ಜಿ ಎಂಬ ಅರ್ಥದ ಎರಡು ಮಾತುಗಳು ಕೂಡಿ ಆದ ವೀರನಾಮ ಇದು. ಅಂಚೆಯ ರಸೀದಿಯ ಕೆಲಸಕ್ಕೆ ನಿಂತಿತು.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. 1956ರಲ್ಲಿ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯವರು ಎಲ್ಲ ದೇಶದವರ ನಾಲಗೆಗೂ ಒಗ್ಗುವಂಥ ಹೊಸ ಪಟ್ಟಿಯನ್ನು ಜಾರಿಗೆ ತಂದರು. ಆಲ್ಫಾ, ಬ್ರಾವೊ, ಚಾರ್ಲಿ ಎಂದು ಮೊದಲಾಗುವ ಪಟ್ಟಿ ಅದು. ಅದರಲ್ಲಿ ‘ಆರ್’ಗೆ ಷೇಕ್ಸ್‌ಪಿಯರನ ರೋಮಿಯೋ ಬಂದು ಕುಳಿತ. ನ್ಯಾಯವಾಗಿ ಅಂದಿನಿಂದ ಎಲ್ಲರೂ ‘ರೋಮಿಯೋ’ ಎಂದು ಓಗೊಡಬೇಕಾಗಿತ್ತು. ಆದರೆ ನುಡಿಯ ರೂಢಿ ಸಮಿತಿಗಳ ಠರಾವಿಗೆ ಬಗ್ಗುವುದಿಲ್ಲ. ಅಕ್ಷರದ ಪದವಿ ಹೋದರೂ ಉತ್ತರದ ಪದವಿಯಲ್ಲಿ ರೋಜರ್ ಉಳಿದುಕೊಂಡ. ಕಾರಣ ಸತ್ತಮೇಲೂ ಕಾರ್ಯ ಬದುಕುವ ಇಂಥ ಪದಗಳನ್ನು ಭಾಷೆಯ ಅಭ್ಯಾಸಿಗಳು ಎಲ್ಲ ನುಡಿಗಳಲ್ಲೂ ಕಾಣುತ್ತಾರೆ.

ಈ ರಸೀದಿಯ ಪಕ್ಕದಲ್ಲಿ ಇನ್ನೂ ಕೆಲವು ಮಾತುಗಳಿವೆ. ‘ಓವರ್’ ಎಂದರೆ ನನ್ನ ಮಾತು ಮುಗಿಯಿತು, ನಿನ್ನ ಉತ್ತರಕ್ಕೆ ಕಾಯುತ್ತೇನೆ. ‘ಔಟ್’ ಎಂದರೆ ಮುಗಿಯಿತು, ಉತ್ತರ ಬೇಡ. ನಮ್ಮ ಚಲನಚಿತ್ರಗಳ ಪೊಲೀಸ್ ಅಧಿಕಾರಿಗಳು ಗಂಭೀರವಾಗಿ ‘ಓವರ್ ಅಂಡ್ ಔಟ್’ ಎನ್ನುತ್ತಾರಲ್ಲ, ಅದು ‘ಉತ್ತರ ಕೊಡು, ಕೊಡಬೇಡ’ ಎಂದಂತೆ. ‘ಕಾಪಿ’ ಎಂಬುದು ಬಂದ ಸಂದೇಶವನ್ನು ಕೈಯಲ್ಲಿ ಬರೆದುಕೊಳ್ಳುತ್ತಿದ್ದ ತಂತಿಯವರ ಕಾಲದ ಉಳಿಕೆ. ಕೇಳಿಸದಿದ್ದರೆ ‘ಸೇ ಅಗೈನ್’ ಎನ್ನಬೇಕೇ ಹೊರತು ‘ರಿಪೀಟ್’ ಎನ್ನಬಾರದು ಎಂದು ಸೈನ್ಯದಲ್ಲಿ ಕಲಿಸುತ್ತಾರೆ. ಫಿರಂಗಿ ದಳದವರ ಭಾಷೆಯಲ್ಲಿ ‘ರಿಪೀಟ್’ ಎಂದರೆ ‘ಅದೇ ಜಾಗಕ್ಕೆ ಮತ್ತೆ ಗುಂಡು ಹಾರಿಸು’ ಎಂದು.

ಎಲ್ಲಕ್ಕಿಂತ ಮುಖ್ಯವಾದದ್ದು ‘ವಿಲ್ಕೋ’. ‘ವಿಲ್ ಕಂಪ್ಲೈ’ ಎಂಬ ಎರಡು ಪದಗಳ ತಲೆಗಳನ್ನು ಕತ್ತರಿಸಿ ಅಂಟಿಸಿದ ಮಾತಿದು. ‘ನಿನ್ನ ಸಂದೇಶ ಮುಟ್ಟಿತು, ತಿಳಿಯಿತು, ಹೇಳಿದಂತೆ ಮಾಡುತ್ತೇನೆ’ ಎಂದು ಇದರ ಅರ್ಥ. ರೋಜರ್ ರಸೀದಿಯಾದರೆ ವಿಲ್ಕೋ ಕರಾರುಪತ್ರ. ಎರಡನೆಯದರಲ್ಲಿ ಮೊದಲನೆಯದು ಅಡಗಿರುವುದರಿಂದ ‘ರೋಜರ್ ವಿಲ್ಕೋ’ ಎಂದು ಕೂಡಿಸಿ ಹೇಳುವುದು ಪುನರುಕ್ತಿ ದೋಷ. ಹಾಗೆಯೇ, ಹೌದು ಅಲ್ಲ ಎಂಬ ಉತ್ತರ ಬೇಕಾದ ಪ್ರಶ್ನೆಗೆ ‘ರೋಜರ್’ ಎಂದು ಹೇಳುವುದೂ ನಿಷಿದ್ಧ. ಹೌದು ಎನ್ನುವುದಕ್ಕೆ ‘ಅಫರ್ಮ್’, ಅಲ್ಲ ಎನ್ನುವುದಕ್ಕೆ ‘ನೆಗೆಟಿವ್’, ಆಗದು ಎನ್ನುವುದಕ್ಕೆ ‘ಅನೇಬಲ್’ ಎಂದು ಬೇರೆಬೇರೆ ಪದಗಳಿವೆ.

ಕನ್ನಡದ ಮೇಷ್ಟರಾದ ನನಗೆ ಇಲ್ಲಿ ಹಳೆಯ ಮಾತೊಂದು ನೆನಪಾಗದೆ ಇರದು. ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಒಡೆಯನು ಬೆಸಸಿದಾಗ ಆಳು ‘ಹಸಾದ’ ಎನ್ನುತ್ತಾನೆ. ಸಂಸ್ಕೃತದ ‘ಪ್ರಸಾದ’ವೇ ತದ್ಭವವಾಗಿ, ಪಕಾರ ಹಕಾರವಾಗಿ ‘ಹಸಾದ’ವಾಗಿದೆ. ‘ತಮ್ಮ ಅಪ್ಪಣೆ ನನಗೆ ಪ್ರಸಾದ, ಶಿರಸಾ ವಹಿಸಿದೆ’ ಎಂಬ ಭಾವ. ಇದು ಅಪ್ಪಟ ವಿಲ್ಕೋ. ಕೇಳಿತು ಎಂಬುದಕ್ಕೆ ಹೂಂ, ಕೂಗಿಗೆ ಓ, ಆಜ್ಞೆಗೆ ಹಸಾದ ಎಂದು ನಮ್ಮವರೂ ಪದಗಳನ್ನು ವಿಂಗಡಿಸಿ ಇಟ್ಟುಕೊಂಡಿದ್ದರು. ಈಗ ಎಲ್ಲಕ್ಕೂ ಒಂದೇ ಮಾತು, ‘ಆಯಿತು’. ಹೇಳಿದ್ದು ಕೇಳಿಸಿದರೂ ಆಯಿತು, ಮಾಡುತ್ತೇನೆ ಎನ್ನುವುದಕ್ಕೂ ಆಯಿತು, ಮಾಡಿ ಮುಗಿಸಿದ ಮೇಲೂ ಆಯಿತು. ಕಚೇರಿಯೊಂದರಲ್ಲಿ ಅರ್ಜಿ ಕೊಟ್ಟು ‘ಆಯಿತು’ ಎಂಬ ಉತ್ತರ ಪಡೆದು ಮನೆಗೆ ಬಂದವನು, ಆದದ್ದೇನು ಎಂದು ಆರು ತಿಂಗಳು ಯೋಚಿಸುವುದುಂಟು.

ನಾನೂ ಒಮ್ಮೆ ಹಾಗೆ ಯೋಚಿಸಿದವನೇ. 1980ರಲ್ಲಿ ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದೆ. ಪರೀಕ್ಷೆಯ ಶುಲ್ಕಕ್ಕೆ ಹಣ ಬೇಕೆಂದು ಊರಿಗೆ ಕಾಗದ ಬರೆದೆ. ಹಳ್ಳಿಯ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದ ತಂದೆಯವರಿಂದ ಮರುಟಪಾಲಿಗೇ ಕಾರ್ಡು ಬಂತು. ‘ನಿನ್ನ ಪತ್ರ ತಲುಪಿ ವಿಷಯವೆಲ್ಲ ತಿಳಿಯಿತು. ಇತ್ತ ಎಲ್ಲರೂ ಕ್ಷೇಮ. ಅಲ್ಲಿ ನಿನ್ನ ಆರೋಗ್ಯ ನೋಡಿಕೊಳ್ಳುವುದು.’ ಅಷ್ಟೆ. ವಿಷಯ ತಿಳಿದ ಮೇಲೆ ಹಣ ಬಂದೇ ಬರುವುದೆಂದು ನಾನು ನಂಬಿದೆ. ದಿನವೂ ಹಾಸ್ಟೆಲಿನ ಬಾಗಿಲಲ್ಲಿ ಅಂಚೆಯವನ ಸೈಕಲ್ಲಿಗೆ ಕಾದೆ. ಕೊನೆಯ ದಿನಾಂಕ ಕಳೆಯಿತು. ಗೆಳೆಯನೊಬ್ಬನಿಂದ ಸಾಲ ಪಡೆದು, ದಂಡದ ಸಮೇತ ಕಟ್ಟಿದೆ. ಕಟ್ಟಿದೆನಾದರೂ ಮನಸ್ಸು ಕಹಿಯಾಯಿತು. ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ತಂದೆಯವರೊಂದಿಗೆ ಸರಿಯಾಗಿ ಮಾತೂ ಆಡಲಿಲ್ಲ. ರಜೆಯಲ್ಲಿ ಬಂದಿದ್ದ ಅಣ್ಣನ ಮುಂದೆ ದೂರು ಹೇಳಿಕೊಂಡೆ. ಆತ ಕಾರ್ಡನ್ನು ತರಿಸಿ ಓದಿದ. ‘ಅಪ್ಪ ಕಳಿಸಿದ್ದು ರೋಜರ್ ಕಣೋ. ನೀನು ವಿಲ್ಕೋ ಅಂತ ಓದಿಕೊಂಡೆ’ ಎಂದ. ಅನಂತರ ದನಿ ತಗ್ಗಿಸಿ, ಆ ವರ್ಷ ಅಕ್ಕನ ಹೆರಿಗೆಯ ಖರ್ಚಿಗೆ ತಂದೆಯವರು ಸಂಬಳದ ಮೇಲೆ ಮುಂಗಡ ತೆಗೆದಿದ್ದುದನ್ನು ಹೇಳಿದ. ಇಲ್ಲ ಎಂದು ಬರೆಯಲು ಅವರಿಗೆ ಕೈ ಬಂದಿರಲಿಲ್ಲ. ಕಳಿಸುತ್ತೇನೆ ಎಂದು ಸುಳ್ಳು ಬರೆಯಲೂ ಬಂದಿರಲಿಲ್ಲ.

ನನ್ನ ನಷ್ಟ ದಂಡದ ಕೆಲವು ರೂಪಾಯಿಗಳು, ತಂದೆಯವರೊಂದಿಗೆ ಮಾತಿಲ್ಲದ ಒಂದು ಬೇಸಿಗೆ. ವಿಮಾನಗಳ ಲೋಕದಲ್ಲಿ ಇಂಥದೇ ತಪ್ಪಿಗೆ ತೆತ್ತ ಬೆಲೆ ಬೇರೆ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳಲ್ಲೊಂದಾದ ಟೆನೆರೀಫಿನ ಲೋಸ್ ರೋಡಿಯೋಸ್ ವಿಮಾನ ನಿಲ್ದಾಣದಲ್ಲಿ ನಡೆದ ಘಟನೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನೆರೆಯ ಲಾಸ್ ಪಾಲ್ಮಾಸ್ ನಿಲ್ದಾಣದಲ್ಲಿ ಬಾಂಬು ಸಿಡಿದದ್ದರಿಂದ ಅಲ್ಲಿಗೆ ಹೋಗಬೇಕಾಗಿದ್ದ ವಿಮಾನಗಳೆಲ್ಲ ಈ ಚಿಕ್ಕ ನಿಲ್ದಾಣಕ್ಕೆ ಬಂದು ಇಕ್ಕಟ್ಟಾಗಿ ನಿಂತಿದ್ದವು. ಮಧ್ಯಾಹ್ನದ ಅನಂತರ ಮಂಜು ಕವಿಯಿತು. ಕೆ.ಎಲ್.ಎಂ. ಸಂಸ್ಥೆಯ ಒಂದು ಬೋಯಿಂಗ್ 747 ಓಡುದಾರಿಯ ಒಂದು ತುದಿಗೆ ಹೋಗಿ ತಿರುಗಿ ನಿಂತಿತು. ಪ್ಯಾನ್ ಅಮೆರಿಕನ್ ಸಂಸ್ಥೆಯ ಇನ್ನೊಂದು 747 ಅದೇ ಓಡುದಾರಿಯ ಮೇಲೆ ಎದುರಿನಿಂದ ನಿಧಾನವಾಗಿ ಬರುತ್ತಿತ್ತು. ಒಂದಕ್ಕೊಂದು ಕಾಣದು. ನಿಯಂತ್ರಣ ಗೋಪುರದವನಿಗೆ ಎರಡೂ ಕಾಣವು. ಅಲ್ಲಿ ನೆಲದ ಮೇಲಿನ ವಿಮಾನಗಳನ್ನು ತೋರಿಸುವ ರೇಡಾರ್ ಇರಲಿಲ್ಲ. ಮೂವರಿಗೂ ಇದ್ದ ಕಣ್ಣು ಒಂದೇ, ರೇಡಿಯೋ.

ಹಾರಿದ ಮೇಲೆ ಯಾವ ಮಾರ್ಗ ಹಿಡಿಯಬೇಕೆಂಬುದನ್ನು ಗೋಪುರದವನು ಡಚ್ ವಿಮಾನಕ್ಕೆ ಹೇಳಿದ. ಹಾರಬಹುದೆಂದು ಹೇಳಲಿಲ್ಲ. ಸಹಚಾಲಕ ಆ ಮಾರ್ಗವನ್ನು ತಿರುಗಿ ಒಪ್ಪಿಸಿ, ಕೊನೆಗೆ ‘ನಾವೀಗ ಟೇಕ್ ಆಫ್‌ನಲ್ಲಿದ್ದೇವೆ’ ಎಂಬರ್ಥದ ಒಂದು ಮಾತನ್ನು ಸೇರಿಸಿದ. ಅದು ಸರಿಯಾದ ಇಂಗ್ಲಿಷಲ್ಲ. ‘ಹಾರುತ್ತಿದ್ದೇವೆ’ ಎಂಬ ಡಚ್ ಭಾಷೆಯ ಕ್ರಿಯಾರೂಪ ಅವನ ಅರಿವಿಲ್ಲದೆಯೇ ಇಂಗ್ಲಿಷಿನೊಳಗೆ ನುಸುಳಿತೆಂದು ಭಾಷಾವಿಜ್ಞಾನಿಗಳು ಊಹಿಸಿದ್ದಾರೆ. ಗೋಪುರದವನು ಅದನ್ನು ‘ಹಾರುವ ಜಾಗದಲ್ಲಿ ನಿಂತಿದ್ದೇವೆ’ ಎಂದು ತಿಳಿದು ‘ಓಕೇ’ ಎಂದ. ರೋಜರ್ ಅಲ್ಲ, ಅಫರ್ಮ್ ಅಲ್ಲ, ಓಕೇ. 1839ರಲ್ಲಿ ಬಾಸ್ಟನ್ನಿನ ಪತ್ರಿಕೆಯೊಂದು ಬೇಕೆಂದೇ ಕಾಗುಣಿತ ಕೆಡಿಸಿ ತಮಾಷೆಗೆ ಅಚ್ಚುಹಾಕಿದ ಎರಡಕ್ಷರದ ಸಂತತಿ ಅದು. ಕೇಳಿತು, ಒಪ್ಪಿದೆ, ಮಾಡು, ಎಲ್ಲ ಅರ್ಥವನ್ನೂ ಹೊರಬಲ್ಲ ಪದ. ನಮ್ಮ ‘ಆಯಿತು’ವಿನಂಥದು. ಒಂದೆರಡು ಕ್ಷಣ ಬಿಟ್ಟು ಆತ ‘ಹಾರಲು ಕಾದಿರು, ನಾನು ಕರೆಯುತ್ತೇನೆ’ ಎಂದ. ಅದೇ ಗಳಿಗೆಯಲ್ಲಿ ಅಮೆರಿಕನ್ ವಿಮಾನ ‘ನಾವಿನ್ನೂ ಓಡುದಾರಿಯ ಮೇಲಿದ್ದೇವೆ’ ಎಂದು ಕೂಗಿತು. ಒಂದೇ ಅಲೆಯ ಮೇಲೆ ಇಬ್ಬರು ಒಟ್ಟಿಗೆ ಮಾತನಾಡಿದರೆ ಎರಡೂ ಮಾತು ಕೆಡುತ್ತದೆ. ಡಚ್ಚರ ಕಿವಿಗೆ ಬಿದ್ದದ್ದು ‘ಓಕೇ’, ಅದರ ಬೆನ್ನಿಗೆ ಮೂರು ನಾಲ್ಕು ಸೆಕೆಂಡುಗಳ ಕೀಚಲು ಸದ್ದು. ವಿಮಾನ ಆಗಲೇ ಓಡತೊಡಗಿತ್ತು. ಅದರ ಎಂಜಿನಿಯರ್ ಮಾತ್ರ ಮುಂದಿನ ಮಾತುಕತೆಯೊಂದನ್ನು ಕೇಳಿಸಿಕೊಂಡು, ಆ ಇನ್ನೊಂದು ವಿಮಾನ ದಾರಿ ಬಿಟ್ಟಿಲ್ಲವೇ ಎಂದು ಕೇಳಿದ. ಬಿಟ್ಟಿದೆ ಎಂದು ಹಿರಿಯ ಚಾಲಕ ಒತ್ತಿ ಹೇಳಿದ. ಆ ಸಂಸ್ಥೆಯಲ್ಲಿ ಇತರ ಚಾಲಕರಿಗೆ ಗುರುವಾಗಿದ್ದವನು ಆತ. ಗುರುವಿನ ಮಾತಿಗೆ ಎರಡನೆಯ ಸಲ ಎದುರಾಡಲು ಯಾರಿಗೂ ಆಗಲಿಲ್ಲ. ಒಟ್ಟು 583 ಜನ ಸತ್ತರು. ಉಳಿದವರು ಅಮೆರಿಕನ್ ವಿಮಾನದ 61 ಮಂದಿ ಮಾತ್ರ.

ತಪ್ಪು ಒಂದೇ ಪದದ್ದೆಂದು ಹೇಳುವುದು ನ್ಯಾಯವಲ್ಲ. ಮಂಜು, ಆತುರ, ಇಕ್ಕಟ್ಟು, ಹಿರಿಯನ ಅಧಿಕಾರ, ಎಲ್ಲ ಸೇರಿದ್ದವು. ಆದರೂ ಅನಂತರದ ಸುಧಾರಣೆಗಳು ಪದಗಳ ಮೇಲೆಯೇ ಮೊದಲು ಕೈ ಹಾಕಿದವು. ‘ಟೇಕ್ ಆಫ್’ ಎಂಬ ಮಾತನ್ನು ಹಾರಲು ಅನುಮತಿ ಕೊಡುವಾಗ ಅಥವಾ ಕೊಟ್ಟದ್ದನ್ನು ರದ್ದು ಮಾಡುವಾಗ ಅಲ್ಲದೆ ಬಾಯಿಗೆ ತರಕೂಡದು. ಬೇರೆ ಸಂದರ್ಭಗಳಲ್ಲಿ ‘ಡಿಪಾರ್ಚರ್’ ಎನ್ನಬೇಕು. ಓಡುದಾರಿಗೆ, ಎತ್ತರಕ್ಕೆ ಸಂಬಂಧಿಸಿದ ಅಪ್ಪಣೆಗಳಿಗೆ ಬರಿಯ ರೋಜರ್ ಸಾಲದು, ವಿಲ್ಕೋ ಕೂಡ ಸಾಲದು, ಅಪ್ಪಣೆಯನ್ನೇ ಪೂರ್ತಿ ತಿರುಗಿ ಒಪ್ಪಿಸಬೇಕು. 1844ರಲ್ಲಿ ವೇಲ್ ಮಾಡಿದ್ದಕ್ಕೇ ಮರಳಿದರು.

ಹಾಗೆ ತಿರುಗಿ ಒಪ್ಪಿಸಿದರೂ ಅರ್ಥವಾಯಿತೆಂದಲ್ಲ. ಅದನ್ನು ಕಲಿಯುವ ದುರ್ದೈವ ನಮ್ಮ ದೇಶದ್ದಾಯಿತು. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಹೊರಟ ಸೌದಿ ಅರೇಬಿಯಾದ 747 ವಿಮಾನಕ್ಕೆ 14,000 ಅಡಿ, ಎದುರಿನಿಂದ ಇಳಿಯುತ್ತಿದ್ದ ಕಜಾಕಸ್ತಾನದ ವಿಮಾನಕ್ಕೆ 15,000 ಅಡಿ ಎಂದು ಎತ್ತರಗಳನ್ನು ಗೊತ್ತುಮಾಡಿದ್ದರು. ಎದುರಿಗೆ ಇನ್ನೊಂದು ವಿಮಾನ ಬರುತ್ತಿದೆ, ಇಷ್ಟು ಮೈಲಿ ದೂರದಲ್ಲಿದೆ ಎಂದೂ ತಿಳಿಸಿದ್ದರು. ಉತ್ತರಗಳೆಲ್ಲ ಬಂದಿದ್ದವು. ಕಜಾಕ್ ವಿಮಾನದಲ್ಲಿ ಗೋಪುರದೊಂದಿಗೆ ಮಾತನಾಡುತ್ತಿದ್ದವನು ರೇಡಿಯೋ ಆಪರೇಟರ್. ಅವನ ಮುಂದೆ ಎತ್ತರ ತೋರಿಸುವ ಮಾಪಕವೇ ಇರಲಿಲ್ಲ. ವಿಮಾನ ಒಪ್ಪಿದ ಎತ್ತರಕ್ಕಿಂತ ಕೆಳಗಿಳಿಯಿತು. ಹರಿಯಾಣದ ಚರ್ಖಿ ದಾದ್ರಿಯ ಹೊಲಗಳ ಮೇಲೆ ಎರಡೂ ಡಿಕ್ಕಿ ಹೊಡೆದು 349 ಜನರೂ ಸತ್ತರು. ನ್ಯಾಯಮೂರ್ತಿ ಲಾಹೋಟಿಯವರ ವಿಚಾರಣೆ ಆ ಚಾಲಕರ ಇಂಗ್ಲಿಷ್ ಜ್ಞಾನದ ಕೊರತೆಯನ್ನೂ ಎತ್ತಿ ಹೇಳಿತು. 2008ರಿಂದ ಅಂತಾರಾಷ್ಟ್ರೀಯ ಮಾರ್ಗಗಳ ಚಾಲಕರಿಗೂ ಗೋಪುರದವರಿಗೂ ಭಾಷೆಯ ಪರೀಕ್ಷೆ ಕಡ್ಡಾಯವಾಗಿದೆ. ಆರು ಮಟ್ಟಗಳಲ್ಲಿ ನಾಲ್ಕನೆಯದನ್ನಾದರೂ ಮುಟ್ಟಬೇಕು. ಭಾಷೆಯ ಪರೀಕ್ಷೆಯಲ್ಲಿ ನಪಾಸಾದವನಿಗೆ ವಿಮಾನ ಕೊಡುವುದಿಲ್ಲವೆಂಬ ಈ ನಿಯಮವನ್ನು ಕೇಳಿ ನಮ್ಮಂಥ ಹಳೆಯ ಮೇಷ್ಟರುಗಳಿಗೆ ಸ್ವಲ್ಪ ಹೆಮ್ಮೆಯೂ ಆಗದಿರದು.

ಈಗ ಸಾಗರಗಳ ಮೇಲೆ ಹಾರುವ ದೊಡ್ಡ ವಿಮಾನಗಳಲ್ಲಿ ಮಾತು ಮತ್ತೆ ಬರವಣಿಗೆಯಾಗಿದೆ. ಗೋಪುರದ ಅಪ್ಪಣೆ ಚಾಲಕನ ಮುಂದಿನ ಪರದೆಯ ಮೇಲೆ ಅಕ್ಷರಗಳಲ್ಲಿ ಮೂಡುತ್ತದೆ. ಗರಗರ ಸದ್ದಿಲ್ಲ, ಉಚ್ಚಾರದ ತೊಡಕಿಲ್ಲ. ‘ಆರ್’ ಎಂದು ಒಂದಕ್ಷರ ಮೂಡಿಸಿದರೂ ಸಾಕಾಗುತ್ತಿತ್ತು. ಆದರೆ ಉತ್ತರ ಕೊಡುವುದಕ್ಕೆಂದು ಅಲ್ಲಿ ಕಾಣಿಸುವ ಪದಗಳು ಹಳೆಯವೇ, ವಿಲ್ಕೋ, ಅನೇಬಲ್, ಸ್ಟ್ಯಾಂಡ್‌ಬೈ, ರೋಜರ್. ಎತ್ತರ ಬದಲಿಸೆಂಬ ಅಪ್ಪಣೆ ಬಂದಾಗ ‘ರೋಜರ್’ ಎಂಬ ಆಯ್ಕೆಯನ್ನೇ ಯಂತ್ರ ಮುಂದಿಡುವುದಿಲ್ಲ. ಮಾಡುತ್ತೇನೆ ಎನ್ನಬೇಕು, ಆಗದು ಎನ್ನಬೇಕು, ಇಲ್ಲವೇ ಸ್ವಲ್ಪ ತಡೆ ಎನ್ನಬೇಕು. ಅಣ್ಣನಿಗೆ ಇದನ್ನು ಹೇಳಿದಾಗ, ನಿವೃತ್ತನಾಗಿ ಊರಿನ ಜಗಲಿಯ ಮೇಲೆ ಕುಳಿತಿದ್ದ ಆತ ತಂದೆಯವರ ಕಾರ್ಡು ನನ್ನಲ್ಲಿ ಇನ್ನೂ ಇದೆಯೇ ಎಂದು ಕೇಳಿದ. ಇದೆ ಎಂದೆ.